ಹಗ್ಗದ ಈಚೆ ತುದಿ



‘ಸಾಹಸ ಪ್ರವೃತ್ತಿಯಿಂದ ತಂಡಸ್ಫೂರ್ತಿ ಮತ್ತು ನಾಯಕತ್ವ’ ಎಂಬುದು ತಂಬ್ರಹಳ್ಳಿಯ ಈ ದತ್ತಿ ಕಾರ್ಯಕ್ರಮದಲ್ಲಿ ನನಗೆ ಕೊಟ್ಟ ವಿಷಯ. ಆಮಂತ್ರಣ ಪತ್ರಿಕೆಯಲ್ಲಿ ಓದಿದರೆ ಇದು ಬೆಂಗಳೂರಿನ ಕಂಪನಿಯವರಿಗೆ ಹೇಳಿ ಮಾಡಿಸಿದ ವಿಷಯ ಅನ್ನಿಸುತ್ತದೆ. ಅಲ್ಲಿ ಇದರ ಹೆಸರಿನಲ್ಲಿ ನೌಕರರನ್ನು ಎರಡು ದಿನ ರೆಸಾರ್ಟಿಗೆ ಕರೆದೊಯ್ಯುತ್ತಾರೆ. ತಂತಿಗೆ ಜೋತುಬಿದ್ದು ಈ ದಿಬ್ಬದಿಂದ ಆ ದಿಬ್ಬಕ್ಕೆ ಜಾರುತ್ತಾರೆ, ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಉಂಡು ಬರುತ್ತಾರೆ. ಸೋಮವಾರ ಯಥಾಪ್ರಕಾರ ಒಬ್ಬರ ಮೇಲೊಬ್ಬರು ಮೇಲಿನವರಿಗೆ ಚಾಡಿ ಹೇಳುತ್ತಾರೆ. ಅದನ್ನು ನಾನು ಸಾಹಸ ಅನ್ನಲಾರೆ. ಅಲ್ಲಿ ಯಾರ ಜೀವವೂ ಇನ್ನೊಬ್ಬರ ಕೈಯಲ್ಲಿ ಇರುವುದಿಲ್ಲ; ತಂತಿ, ಕೊಕ್ಕೆ, ಬಾಡಿಗೆ ಸಿಬ್ಬಂದಿ ಎಲ್ಲವನ್ನೂ ನೋಡಿಕೊಳ್ಳುತ್ತವೆ. ಜೋತುಬಿದ್ದವನು ಬರೀ ಪ್ರಯಾಣಿಕ.

ಉದಾಹರಣೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಭರತ ಹುಣ್ಣಿಮೆಯ ಜಾತ್ರೆಗೆ ಹಡಗಲಿ ಸೀಮೆಯ ಮೈಲಾರಕ್ಕೆ ಹೋಗದವರು ಈ ಸಭೆಯಲ್ಲಿ ಕಡಿಮೆ. ಡೆಂಕನಮರಡಿಯಲ್ಲಿ ಲಕ್ಷಾಂತರ ಜನ. ದಿನಗಟ್ಟಲೆ ಉಪವಾಸವಿದ್ದ ಗೊರವಪ್ಪ ಹದಿನೈದು ಅಡಿಗೂ ಮೇಲ್ಪಟ್ಟ ಬಿಲ್ಲನ್ನು ಸರಸರನೆ ಏರುತ್ತಾನೆ. ‘ಸದ್ದಲೇ’ ಎಂದು ಕೂಗಿದ ಕೂಡಲೇ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದು ಸಾಲು ಕಾರಣಿಕ ನುಡಿಯುತ್ತಾನೆ, ನುಡಿದವನೇ ಕೈ ಬಿಟ್ಟು ಮೇಲಿಂದ ಬೀಳುತ್ತಾನೆ. ಮರುದಿನ ಪತ್ರಿಕೆಗಳಲ್ಲಿ ಆ ಸಾಲಿನ ಅರ್ಥದ ಬಗ್ಗೆ ಪುಟ ತುಂಬುತ್ತದೆ: ಮಳೆ ಹೇಗೆ, ಮೆಕ್ಕೆಜೋಳದ ರೇಟು ಏನಾದೀತು, ಮುಖ್ಯಮಂತ್ರಿ ಉಳಿಯುತ್ತಾರೋ ಇಲ್ಲವೋ. ಅವನನ್ನು ಹಿಡಿದವರ ಬಗ್ಗೆ ಒಂದು ಸಾಲು ಬಂದದ್ದನ್ನು ನಾನು ಓದಿಲ್ಲ.

ಆದರೆ ಆ ಬಿಲ್ಲು ತಾನಾಗಿ ನಿಲ್ಲುವುದಿಲ್ಲ, ನೋಡಿ. ಅದನ್ನು ನೆಟ್ಟಗೆ ಹಿಡಿದು ನಿಂತವರು ಇದ್ದಾರೆ. ಬೀಳುವವನನ್ನು ನೆಲಕ್ಕೆ ತಾಗಗೊಡದೆ ಹಿಡಿಯುವವರು ಇದ್ದಾರೆ. ಮೇಲಿದ್ದವನು ಯಾವ ಕಡೆ ಬಾಗುತ್ತಾನೆ, ಯಾವ ಗಳಿಗೆಯಲ್ಲಿ ಕೈ ಬಿಡುತ್ತಾನೆ ಎಂಬುದನ್ನು ಅವರು ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ಕಾರಣಿಕ ಏನು ಎಂದು ಕೇಳಿಸಿಕೊಳ್ಳುವ ಪುರುಸೊತ್ತು ಪ್ರಾಯಶಃ ಆ ಮೈದಾನದಲ್ಲಿ ಅವರೊಬ್ಬರಿಗೇ ಇಲ್ಲ. ದೈವದ ನಂಬಿಕೆಯ ಮಾತು ಬೇರೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನ್ನ ಇವತ್ತಿನ ಮಾತಿಗೆ ಬೇಕಾದದ್ದು ಕೆಳಗೆ ನಿಂತವರು.

ಇದರ ಜೊತೆಗೆ ಕೊಟ್ಟೂರಿನ ತೇರನ್ನೂ ನೆನೆಯಿರಿ. ಮಿಣಿ ಹಗ್ಗಕ್ಕೆ ಸಾವಿರಾರು ಕೈಗಳು. ಅಷ್ಟು ಕೈ ಇದ್ದ ಮಾತ್ರಕ್ಕೆ ಅದು ತಂಡವಾಗುವುದಿಲ್ಲ, ಜಂಗುಳಿಯಾಗುತ್ತದೆ. ತೇರು ಯಾವ ಕಡೆ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಗಾಲಿಯ ಪಕ್ಕದಲ್ಲೇ ನಡೆಯುತ್ತಾ ಹೊತ್ತು ನೋಡಿ ಅದರಡಿಗೆ ಮರದ ತುಂಡು ಕೊಡುವ ನಾಲ್ಕಾರು ಜನರ ಕೈಯಲ್ಲಿರುತ್ತದೆ. ಅವರ ಪಾದ ಗಾಲಿಯಿಂದ ಗೇಣು ದೂರ. ಎಳೆಯುವವರಿಗೆ ಉತ್ಸಾಹ ಸಾಕು, ಗಾಲಿಯ ಪಕ್ಕದವರಿಗೆ ಸಾಲದು. 2017ರ ಫೆಬ್ರುವರಿಯಲ್ಲಿ ಆ ತೇರು ಉರುಳಿದ್ದನ್ನು ಕಣ್ಣಾರೆ ಕಂಡವರು ಇಲ್ಲಿದ್ದರೆ, ಅಷ್ಟು ಭಾರದ ಪಕ್ಕ ನಡೆಯುವುದೆಂದರೇನು ಎಂದು ಅವರಿಗೆ ನಾನು ವಿವರಿಸಬೇಕಿಲ್ಲ.

ಈಗ ನಮ್ಮ ಹೊಳೆಗೆ ಬರುತ್ತೇನೆ. ತುಂಗಭದ್ರೆಯ ಹಿನ್ನೀರಿನ ಊರುಗಳಿಗೆ ಅಣೆಕಟ್ಟು ಎಂದರೆ ಮಿಶ್ರ ನೆನಪು. ಹೊಲ ಮನೆ ಮುಳುಗಿ ಊರು ಬಿಟ್ಟವರ ಮೊಮ್ಮಕ್ಕಳು ಈಗ ಅದೇ ನೀರನ್ನು ಏತ ನೀರಾವರಿಯಿಂದ ಮೇಲೆತ್ತಿ ಬೆಳೆ ತೆಗೆಯುತ್ತಿದ್ದಾರೆ. ಹಾಗಾಗಿ 2024ರ ಆಗಸ್ಟ್ 10ರ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ, ಅರವತ್ತು ಅಡಿ ಅಗಲದ ಇಪ್ಪತ್ತು ಅಡಿ ಎತ್ತರದ ಗೇಟು ಇಡಿಯಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, 105 ಟಿಎಂಸಿ ಅಡಿ. ಒಂದೇ ಕಡೆ ನೀರಿನ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ನಾಲ್ಕು ಜಿಲ್ಲೆಗಳ ರೈತರು, ಆಂಧ್ರ ತೆಲಂಗಾಣದವರು ಸೇರಿ, ವರ್ಷದ ಅನ್ನ ಹೊಳೆಗೆ ಹರಿದುಹೋಗುವುದನ್ನು ಟಿವಿಯಲ್ಲಿ ನೋಡುತ್ತ ಕೂತರು.

ಪುಸ್ತಕದ ಉಪಾಯ ಸರಳವಾಗಿತ್ತು: ನೀರು ಗೇಟಿನ ತಳದ ಮಟ್ಟಕ್ಕೆ ಇಳಿಯುವವರೆಗೂ ಕಾಯಿರಿ, ಆಮೇಲೆ ಹೊಸ ಗೇಟು ಕೂರಿಸಿ. ಹಾಗೆ ಮಾಡಿದ್ದರೆ ಅರ್ಧಕ್ಕೂ ಹೆಚ್ಚು ನೀರು ಹೋಗುತ್ತಿತ್ತು. ಗೇಟುಗಳ ಕೆಲಸದಲ್ಲೇ ಆಯುಷ್ಯ ಸವೆಸಿದ, ಎಪ್ಪತ್ತು ದಾಟಿದ ತಜ್ಞ ಕನ್ನಯ್ಯ ನಾಯ್ಡು ಅವರು ಬೇರೆ ದಾರಿ ಹೇಳಿದರು. ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸುವುದು. ಸ್ಟಾಪ್ ಲಾಗ್ ಎಂದು ಎಲ್ಲರ ಬಾಯಲ್ಲೂ ಆಗ ಓಡಾಡಿದ್ದು ಅದೇ. ಹೊಸಪೇಟೆ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ, ತೋರಣಗಲ್ಲಿನ ಜಿಂದಾಲ್‌ನಲ್ಲಿ ಹಗಲು ರಾತ್ರಿ ಕೂತು ಅವನ್ನು ತಯಾರಿಸಿದರು. ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನದ ಹೊತ್ತಿಗೆ ಉಳಿದವೂ ಕೂತವು. ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು ನಿಜ. ಆದರೆ ಜಲಾಶಯ ಬರಿದಾಗಲಿಲ್ಲ, ಮಳೆಯೂ ಕೈ ಹಿಡಿಯಿತು, ಸೆಪ್ಟೆಂಬರಿನಲ್ಲಿ ಮತ್ತೆ ತುಂಬಿ ಬಾಗಿನವೂ ಆಯಿತು.

ಈ ಕಥೆಯನ್ನು ನಾವು ‘ಒಬ್ಬ ಹಿರಿಯರ ಸಾಹಸ’ ಎಂದು ಹೇಳಿಕೊಳ್ಳುತ್ತೇವೆ. ಅದರಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಕಥೆ. ಅಣೆಕಟ್ಟಿನ ಸೇತುವೆಯ ಮೇಲೆ ಏನು ನಡೆಯಬೇಕಿತ್ತು ಎಂಬುದನ್ನು ಸ್ವಲ್ಪ ಹತ್ತಿರ ಹೋಗಿ ನೋಡಿ. ಹತ್ತಾರು ಟನ್ ತೂಕದ, ಅರವತ್ತು ಅಡಿ ಉದ್ದದ ಉಕ್ಕಿನ ತುಂಡು. ಅದು ಎರಡು ಕಂಬಗಳ ನಡುವಿನ ಸೀಳಿನಲ್ಲಿ ಇಳಿಯಬೇಕು. ಒಂದು ತುದಿ ಇನ್ನೊಂದಕ್ಕಿಂತ ತುಸು ಮುಂಚೆ ಇಳಿದರೂ ಸಾಕು, ತುಂಡು ಓರೆಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ಕೆಳಗೆ ನೀರಿನ ಭೋರ್ಗರೆತ, ಪಕ್ಕದವನ ಮಾತು ಪಕ್ಕದವನಿಗೆ ಕೇಳಿಸದು. ಕ್ರೇನು ನಡೆಸುವವನಿಗೆ ತುಂಡಿನ ತಳ ಕಾಣುವುದೇ ಇಲ್ಲ. ಅವನು ನಂಬುವುದು ಅಂಚಿನಲ್ಲಿ ನಿಂತು ಕೈಸನ್ನೆ ಮಾಡುವ ಖಲಾಸಿಯನ್ನು ಮಾತ್ರ.

ಕ್ರೇನಿನ ಕೆಲಸ ಬಲ್ಲವರಲ್ಲಿ ಒಂದು ನಿಯಮವಿದೆ. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ ಎಂಬ ಸನ್ನೆಗಳನ್ನು ಒಬ್ಬನೇ ಮಾಡಬೇಕು. ಎಂಜಿನಿಯರ್ ಬಂದು ಕೈ ಬೀಸಿದರೂ, ಮಂತ್ರಿಗಳೇ ಬಂದು ಬೀಸಿದರೂ ಕ್ರೇನು ನಡೆಸುವವನು ಕಣ್ಣೆತ್ತಿ ನೋಡಬಾರದು. ಆದರೆ ‘ನಿಲ್ಲಿಸು’ ಎಂಬ ಸನ್ನೆಯನ್ನು ಯಾರು ಬೇಕಾದರೂ ಮಾಡಬಹುದು. ಸಿಮೆಂಟು ಹೊರುವ ಹುಡುಗ ಮಾಡಿದರೂ ಸರಿ, ಕ್ರೇನು ನಿಲ್ಲಲೇಬೇಕು. ನಾಯಕತ್ವದ ಬಗ್ಗೆ ಬಂದಿರುವ ದಪ್ಪ ದಪ್ಪ ಪುಸ್ತಕಗಳಿಗಿಂತ ಈ ನಿಯಮದಲ್ಲಿ ಹೆಚ್ಚು ಸತ್ವವಿದೆ ಎಂದು ನನ್ನ ಅಭಿಪ್ರಾಯ. ಮುಂದೆ ಹೋಗು ಎನ್ನುವ ಅಧಿಕಾರ ಒಬ್ಬನಿಗೆ, ನಿಲ್ಲು ಎನ್ನುವ ಹಕ್ಕು ಎಲ್ಲರಿಗೂ. ನಮ್ಮ ಸಂಘ ಸಂಸ್ಥೆಗಳಲ್ಲಿ, ಪಂಚಾಯಿತಿಗಳಲ್ಲಿ, ಎಷ್ಟೋ ಮನೆಗಳಲ್ಲಿ ಸಹ, ಇದು ಉಲ್ಟಾ ಇದೆ. ಮುಂದೆ ಹೋಗು ಎಂದು ಕೂಗುವವರು ನೂರು ಮಂದಿ; ನಿಲ್ಲಿಸಿ ಎಂದವನು ದ್ರೋಹಿ.

ಪ್ರಸಂಗವಶಾತ್ ಇನ್ನೊಂದು ಮಾತು. ಆ ಗೇಟುಗಳಿಗೆ ಎಪ್ಪತ್ತು ವರ್ಷವಾಗಿತ್ತು. 1953ರಲ್ಲಿ ಮೊದಲು ನೀರು ನಿಲ್ಲಿಸಿದ ಅಣೆಕಟ್ಟು ಅದು. ಮೂವತ್ತಮೂರನ್ನೂ ಬದಲಿಸಬೇಕೆಂದು ಆಮೇಲೆ ತಜ್ಞರು ಹೇಳಿದರು, 2025ರಲ್ಲಿ ನೀರು ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು, ಅದರ ಬಿಸಿ ಎರಡನೇ ಬೆಳೆಗೆ ತಟ್ಟಿತು. ಪ್ರತಿ ವರ್ಷ ಸರಪಳಿಗೆ ಗ್ರೀಸು ಹಚ್ಚುವ, ಕೊಂಡಿ ಕೊಂಡಿ ತಟ್ಟಿ ನೋಡುವ ಮನುಷ್ಯನೂ ಒಂದು ತಂಡದವನೇ. ಅವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಅವನ ಕೆಲಸ ಸರಿಯಾಗಿ ನಡೆದ ಊರಿನಲ್ಲಿ ಸಾಹಸದ ಸುದ್ದಿ ಹುಟ್ಟುವುದೇ ಇಲ್ಲ.

ಹಾಗಾದರೆ ಸಾಹಸವನ್ನು ಕಲಿಸಬೇಕೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಎರಡನೇ ಮಹಾಯುದ್ಧದ ಕಾಲದ ಅಟ್ಲಾಂಟಿಕ್ ಸಾಗರದಲ್ಲಿದೆ. ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಹಡಗು ಕಂಪನಿಯೊಂದರ ಮಾಲೀಕ ಲಾರೆನ್ಸ್ ಹೋಲ್ಟ್ ಒಂದು ವಿಚಿತ್ರ ಗಮನಿಸಿದ. ಜೀವರಕ್ಷಕ ದೋಣಿ ಹತ್ತಿದವರಲ್ಲಿ ಗಟ್ಟಿಮುಟ್ಟಾದ ಎಳೆಯ ಹುಡುಗರು ಮೊದಲು ಸಾಯುತ್ತಿದ್ದರು, ಹಾಯಿಹಡಗಿನ ಕಾಲದಿಂದ ಬಂದ ಹಳೆಯ ನಾವಿಕರು ಉಳಿಯುತ್ತಿದ್ದರು. ತೋಳಬಲ ಹುಡುಗರದ್ದೇ ಜಾಸ್ತಿ. ಆದರೆ ಹಿಂದೆಯೂ ಇಂಥದ್ದನ್ನು ದಾಟಿ ಬಂದಿದ್ದೇನೆ, ಪಕ್ಕದವನಿಗೆ ಒಂದು ಗುಟುಕು ನೀರು ಉಳಿಸಬೇಕು, ಇವತ್ತು ರಾತ್ರಿ ಸರದಿಯ ಮೇಲೆ ಎಚ್ಚರವಿರಬೇಕು ಎಂಬುದು ಮುದುಕರಿಗೆ ಗೊತ್ತಿತ್ತು. ಶಿಕ್ಷಣತಜ್ಞ ಕರ್ಟ್ ಹಾನ್ ಜೊತೆ ಸೇರಿ ಹೋಲ್ಟ್ 1941ರಲ್ಲಿ ವೇಲ್ಸ್‌ನ ಅಬರ್‌ಡವಿ ಎಂಬ ಕಡಲೂರಿನಲ್ಲಿ ಶಾಲೆ ತೆರೆದ. ಮುದುಕರಿಗೆ ಬದುಕು ಕಲಿಸಿದ್ದನ್ನು ಹುಡುಗರಿಗೆ ಒಂದು ತಿಂಗಳಲ್ಲಿ, ಸಾಯದಂತೆ ಕಲಿಸುವುದು ಅದರ ಗುರಿ. ಇಂದು ಜಗತ್ತಿನಲ್ಲೆಲ್ಲ ನಡೆಯುವ ಸಾಹಸ ಶಿಬಿರಗಳ ದೊಡ್ಡ ಬೇರು ಅಲ್ಲಿದೆ. ನಮ್ಮ ಅಣೆಕಟ್ಟಿನ ಕಥೆಯಲ್ಲೂ ದಾರಿ ತೋರಿಸಿದ್ದು ಎಪ್ಪತ್ತು ದಾಟಿದ ತಲೆ ಎಂಬುದು ಗಮನದಲ್ಲಿರಲಿ.

ಸ್ಕೌಟ್ ಚಳವಳಿ ಅದಕ್ಕಿಂತ ಹಳೆಯದು. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತು ಹುಡುಗರನ್ನು ಕರೆದೊಯ್ದ. ಅವರನ್ನು ಒಂದು ಮಂದೆ ಮಾಡದೆ ಸಣ್ಣ ಸಣ್ಣ ದಳ ಮಾಡಿ, ಪ್ರತಿ ದಳಕ್ಕೂ ಹುಡುಗನನ್ನೇ ನಾಯಕನನ್ನಾಗಿ ಮಾಡಿದ. ಅವನ ನಿಜವಾದ ಶೋಧ ಅದು, ಗಂಟು ಹಾಕುವುದಲ್ಲ. ಎರಡೇ ವರ್ಷದಲ್ಲಿ, 1909ರಲ್ಲಿ, ಸ್ಕೌಟಿಂಗ್ ಬೆಂಗಳೂರಿಗೆ ಬಂತು. ಹರಿಹರದ ಬಳಿಯ ಕೊಂಡಜ್ಜಿಯ ಶಿಬಿರ ಕೇಂದ್ರಕ್ಕೆ ಹರಪನಹಳ್ಳಿ ಕಡೆಯ ಎಷ್ಟೋ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ. ಈಗ ಸ್ಕೌಟ್ ಎಂದರೆ ಸ್ವಾತಂತ್ರ್ಯ ದಿನಾಚರಣೆಯ ಪೆರೇಡು ಎಂದಾಗಿರುವುದು ಬೇಸರದ ಸಂಗತಿ. ಹೆಚ್ಚು ಬೆಳೆಸುವುದಿಲ್ಲ.

ನಮ್ಮ ರಾಜ್ಯ ಸರ್ಕಾರದ ಸಾಹಸ ಅಕಾಡೆಮಿಗೆ ಜನರಲ್ ತಿಮ್ಮಯ್ಯನವರ ಹೆಸರಿದೆ. ಕೊಡಗಿನ ತಿಮ್ಮಯ್ಯ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಆ ಎತ್ತರಕ್ಕೆ, ಆ ಹಿಮದಲ್ಲಿ ಟ್ಯಾಂಕು ಬರುತ್ತದೆಂದು ಎದುರಾಳಿಗೆ ಕನಸೂ ಬಿದ್ದಿರಲಿಲ್ಲ. ಗುಟ್ಟು ಬಿಡಬಾರದೆಂದು ಟ್ಯಾಂಕುಗಳ ಮೇಲ್ಭಾಗ ಕಳಚಿ, ಮುಚ್ಚಿ ಸಾಗಿಸಿದ್ದರು. ಸೇನೆಯ ಡಿವಿಜನ್ನಿನ ಮುಖ್ಯಸ್ಥರಾದ ಅವರು ಹಿಂದೆ ನಕ್ಷೆ ಹಿಡಿದು ಕೂರಬಹುದಿತ್ತು; ಮೊದಲ ಟ್ಯಾಂಕಿನಲ್ಲೇ ಹೋದರು. ಯಾರೂ ಮಾಡದ ಕೆಲಸವನ್ನು ಮಾಡಿ ಎಂದು ಹೇಳುವವನು ತಾನೇ ಮುಂದಿರಬೇಕಾದ ಸಂದರ್ಭ ಅದು.

ಎಲ್ಲ ಸಂದರ್ಭವೂ ಹಾಗಿರುವುದಿಲ್ಲ. ಎವರೆಸ್ಟಿಗೆ ಹೋದ ಭಾರತದ ಮೊದಲ ತಂಡ 1960ರಲ್ಲಿ ಶಿಖರಕ್ಕೆ ಇನ್ನು ಏಳುನೂರು ಅಡಿ ಇರುವಾಗ ಹಿಂದಿರುಗಿತು. 1962ರಲ್ಲಿ ಎರಡನೆಯ ತಂಡ ನಾಲ್ಕುನೂರು ಅಡಿ ಇರುವಾಗ ತಿರುಗಿತು. ನಾಲ್ಕುನೂರು ಅಡಿ ಎಂದರೆ ಈ ಸಭಾಂಗಣದಿಂದ ಬಸ್ ಸ್ಟ್ಯಾಂಡಿನಷ್ಟೂ ದೂರವಲ್ಲ. ಬಿರುಗಾಳಿ, ಹೊತ್ತು ಮೀರಿದೆ. ಹಾಗೆ ತಿರುಗಿ ಬಂದ ಮೂವರಲ್ಲಿ ನೌಕಾಪಡೆಯ ಎಂ.ಎಸ್. ಕೊಹ್ಲಿ ಒಬ್ಬರು. 1965ರ ತಂಡಕ್ಕೆ ಅವರನ್ನೇ ನಾಯಕರನ್ನಾಗಿ ಮಾಡಿದರು. ಆ ವರ್ಷ ಮೇ ತಿಂಗಳಲ್ಲಿ ನಾಲ್ಕು ಸರದಿಯಲ್ಲಿ ಒಂಬತ್ತು ಮಂದಿ ಶಿಖರ ಮುಟ್ಟಿದರು, ಅದೊಂದು ವಿಶ್ವದಾಖಲೆಯಾಗಿ ಹದಿನೇಳು ವರ್ಷ ಉಳಿಯಿತು. ಆ ಒಂಬತ್ತರಲ್ಲಿ ಕೊಹ್ಲಿ ಇಲ್ಲ. ಕೆಳಗಿನ ಶಿಬಿರದಿಂದ ಜನರನ್ನು ಮೇಲೆ ಕಳಿಸುವುದು, ಆಮ್ಲಜನಕ ತಲುಪಿಸುವುದು, ಹವಾಮಾನ ನೋಡಿ ತಡೆಯುವುದು ಅವರ ಕೆಲಸವಾಗಿತ್ತು. ತಿರುಗಿ ಬರಲು ಗೊತ್ತಿದ್ದವನನ್ನು ನಾಯಕನನ್ನಾಗಿ ಆರಿಸಿದರಲ್ಲ, ಆ ಆಯ್ಕೆ ಮಾಡಿದವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ನಾವಾಗಿದ್ದರೆ ‘ಸೋತು ಬಂದವರು’ ಎಂದು ಮೂಲೆಗೆ ಕೂರಿಸುತ್ತಿದ್ದೆವು.

ವಿದ್ಯಾರ್ಥಿಗಳಿಗೆ ಈಗ ನೇರವಾಗಿ ಹೇಳುತ್ತೇನೆ. ಬಂಡೆ ಹತ್ತುವ ತರಬೇತಿಯಲ್ಲಿ ನಿಜವಾಗಿ ಏನಾಗುತ್ತದೆ? ಸೊಂಟಕ್ಕೆ ಪಟ್ಟಿ ಕಟ್ಟಿದ ಹುಡುಗಿಯೊಬ್ಬಳು ಆಳೆರಡು ಎತ್ತರ ಏರಿದ್ದಾಳೆ ಎಂದುಕೊಳ್ಳಿ. ಹಗ್ಗ ಅವಳ ಸೊಂಟದಿಂದ ಮೇಲೆ ಹೋಗಿ, ಬಂಡೆಯ ನೆತ್ತಿಯ ಕೊಂಡಿಯಲ್ಲಿ ತಿರುಗಿ, ಕೆಳಗೆ ನಿಂತ ಹುಡುಗನ ಸೊಂಟದ ಸಾಧನದ ಮೂಲಕ ಹಾದು ಅವನ ಬಲಗೈಗೆ ಬರುತ್ತದೆ. ಈ ಕೆಲಸಕ್ಕೆ ಶಿಬಿರಗಳಲ್ಲಿ ಬಿಲೇ ಎನ್ನುತ್ತಾರೆ. ಅವಳು ಒಂದು ಹೆಜ್ಜೆ ಏರಿದರೆ ಅವನು ಒಂದು ಮೊಳ ಎಳೆದುಕೊಳ್ಳಬೇಕು. ಬಿಗಿ ಜಾಸ್ತಿಯಾದರೆ ಅವಳಿಗೆ ಕೈಕಾಲು ಆಡಿಸಲಾಗದು, ಸಡಿಲವಾದರೆ ಬಿದ್ದಾಗ ಪೆಟ್ಟು. ಅವಳ ಕಾಲು ಸಣ್ಣ ಚಾಚಿನ ಮೇಲೆ ನಿಂತು ಹೊಲಿಗೆ ಮಷೀನಿನ ಹಾಗೆ ಗಡಗಡ ನಡುಗತೊಡಗುತ್ತದೆ. ಆಗ ಕೆಳಗಿನವನು ‘ಹೆದರಬೇಡ’ ಎಂದರೆ ಪ್ರಯೋಜನವಿಲ್ಲ. ‘ಹಿಮ್ಮಡಿ ಕೆಳಗೆ ಬಿಡು, ಎಡಗೈ ಹತ್ತಿರವೇ ಒಂದು ಬಿರುಕಿದೆ, ನಾನು ಹಿಡಿದಿದ್ದೇನೆ’ ಎನ್ನಬೇಕು. ಮೇಲಿನವಳಿಗೆ ಕಾಣದ್ದು ಕೆಳಗಿನವನಿಗೆ ಕಾಣುತ್ತದೆ. ಒಂದು ಕೈಯಂತೂ ಯಾವ ಕಾರಣಕ್ಕೂ ಹಗ್ಗ ಬಿಡುವಂತಿಲ್ಲ: ಸೊಳ್ಳೆ ಕಚ್ಚಲಿ, ಫೋನ್ ಬರಲಿ, ಅವನ ಮೂಗೇ ತುರಿಸಲಿ.

ಹತ್ತು ನಿಮಿಷದ ಮೇಲೆ ಅದಲುಬದಲು. ಅವಳು ಕೆಳಗೆ, ಅವನು ಮೇಲೆ. ಶಿಬಿರದ ಜೀವಾಳ ಈ ಅದಲುಬದಲು. ಯಾರ ಜಾತಿ ಯಾವುದು, ಯಾರಪ್ಪನಿಗೆ ಎಷ್ಟು ಎಕರೆ ಎಂಬುದು ಹಗ್ಗಕ್ಕೆ ಗೊತ್ತಿಲ್ಲ. ಗಂಡು ಹೆಣ್ಣು ಎಂಬುದೂ ಗೊತ್ತಿಲ್ಲ. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ತಾಯಂದಿರು ಇಲ್ಲಿದ್ದಾರೆ, ನನಗೆ ಗೊತ್ತು. ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ತಾರಿಣಿ ಎಂಬ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾ ಬಿಟ್ಟು, ಭೂಮಿಯನ್ನೇ ಒಂದು ಸುತ್ತು ಹಾಕಿ ಮರುವರ್ಷ ಮೇ ತಿಂಗಳಲ್ಲಿ ಗೋವಾಕ್ಕೇ ಬಂದಿಳಿದರು ಎಂಬುದನ್ನಷ್ಟೇ ಅವರ ಕಿವಿಗೆ ಹಾಕುತ್ತೇನೆ.

ಇನ್ನು ಕೆಲಸದ ಮಾತು. ತಂಬ್ರಹಳ್ಳಿಗೆ ಬಂಡೆ ರಂಗನಾಥನ ಗುಡ್ಡವಿದೆ, ಹಿನ್ನೀರಿದೆ, ಅಂಕಸಮುದ್ರದ ಹಕ್ಕಿಗಳ ಕೆರೆ ಇದೇ ತಾಲ್ಲೂಕಿನಲ್ಲಿದೆ. ಬಂಡೆಗಾಗಿ ಹಂಪಿಗೆ ವಿದೇಶದಿಂದ ಜನ ಬರುತ್ತಾರೆ. ನಮ್ಮ ಸೀಮೆಯಲ್ಲಿ ಬಂಡೆಗೆ ಬರವೇ? ಆದರೆ ಮಕ್ಕಳಿಗೆ ಸಾಹಸ ಕಲಿಸುವುದನ್ನು ಬಂಡೆಯಿಂದ ಶುರು ಮಾಡಬೇಡಿ. ನೀರಿನಿಂದ ಶುರು ಮಾಡಿ. ಹಿನ್ನೀರಿನ ದಂಡೆಯ ಊರಿನಲ್ಲಿ ಈಜು ಬಾರದ ಮಕ್ಕಳಿರುವುದು ಸಾಹಸದ ಕೊರತೆಯಲ್ಲ, ಅಪಾಯ. ಮೊದಲ ವರ್ಷ ಐದನೇ ತರಗತಿಯಿಂದ ಮೇಲಿನ ಎಲ್ಲರಿಗೂ ಈಜು. ಕಲಿಸಲು ಹೊರಗಿನವರೂ ಬೇಕಿಲ್ಲ, ತೆಪ್ಪದ ಮೇಲೆ ಮೀನು ಹಿಡಿಯುವ ಮನೆಗಳ ಹಿರಿಯರನ್ನು ಕರೆಯಿರಿ, ಗೌರವಧನ ಕೊಡಿ, ಮೇಷ್ಟ್ರಿಗೆ ಹಾಕುವಂತೆ ಕುರ್ಚಿ ಹಾಕಿ. ಮುಳುಗುವವನನ್ನು ಕಂಡರೆ ಕೂಡಲೇ ನೀರಿಗೆ ಹಾರಬಾರದು, ಮೊದಲು ಹಗ್ಗ ಎಸೆಯಬೇಕು, ಸೀರೆ ಎಸೆಯಬೇಕು, ಉದ್ದ ಗಳ ಚಾಚಬೇಕು ಎಂಬುದನ್ನು ಪ್ರತಿ ಮಗುವಿಗೂ ಬಾಯಿಪಾಠ ಮಾಡಿಸಿ. ಒಬ್ಬ ಮುಳುಗುವಾಗ ಉಳಿಸಲು ಹಾರಿದ ಅಣ್ಣ ತಮ್ಮಂದಿರೂ ಸತ್ತ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲಿ ಓದುತ್ತೇವೆ. ಅವರಿಗೆ ಎದೆಗಾರಿಕೆ ಕಡಿಮೆಯಿರಲಿಲ್ಲ.

ಎರಡನೇ ವರ್ಷ ಗುಡ್ಡದ ನಡಿಗೆ, ರಾತ್ರಿ ಬಯಲಲ್ಲಿ ಅಡುಗೆ, ಬೆಳಗಿನ ಜಾವ ಅಂಕಸಮುದ್ರದಲ್ಲಿ ಹಕ್ಕಿ ಎಣಿಕೆ. ಎಂಟೆಂಟು ಮಂದಿಯ ದಳ, ವಾರಕ್ಕೊಬ್ಬ ನಾಯಕ, ಮೇಷ್ಟ್ರು ಬಾಯಿ ಮುಚ್ಚಿಕೊಂಡು ಹಿಂದೆ ಇರಬೇಕು. ಅನ್ನ ಸೀದರೆ ಸೀಯಲಿ. ಬಂಡೆಯೇರುವುದು ಮೂರನೇ ವರ್ಷ, ಅದೂ ತರಬೇತಿ ಪಡೆದವರು ಬಂದು ನಿಂತಾಗ ಮಾತ್ರ.

ದತ್ತಿಯ ಹಣದಲ್ಲಿ ಏನು ಕೊಳ್ಳಬೇಕೆಂದು ಸಮಿತಿಯವರು ಕೇಳಿದ್ದರು. ಶಾಲು, ಹಾರ, ಸ್ಮರಣಿಕೆ ಒಂದು ವರ್ಷ ಬಿಡಿ. ಬಂಡೆಯೇರುವ ಹಗ್ಗ ಕೊಳ್ಳಿ. ಜೊತೆಗೆ ಒಂದು ದಪ್ಪ ರೂಲು ಪುಸ್ತಕ ತನ್ನಿ. ಹಗ್ಗ ಕೊಂಡ ತಾರೀಖು, ಎಷ್ಟು ಸಲ ಬಳಸಿದಿರಿ, ಎಷ್ಟು ದೊಡ್ಡ ಬೀಳು ತಡೆಯಿತು, ಬಿಸಿಲಲ್ಲಿ ಬಿದ್ದಿತ್ತೇ, ಬ್ಯಾಟರಿಯ ಆಸಿಡ್ ಹತ್ತಿರ ಇಟ್ಟಿದ್ದರೇ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಪ್ರತಿ ಬಳಕೆಗೂ ಮುನ್ನ ಆ ಹಗ್ಗವನ್ನು ತುದಿಯಿಂದ ತುದಿಗೆ ಬೆರಳುಗಳ ನಡುವೆ ಹಾಯಿಸಿ ನೋಡಬೇಕು. ಎಲ್ಲಾದರೂ ಮೆತ್ತಗಾಗಿದ್ದರೆ, ಉಬ್ಬಿದ್ದರೆ, ಹೊರಗಿನ ಹೆಣಿಗೆ ಸವೆದಿದ್ದರೆ ಹತ್ತುವುದು ರದ್ದು. ನೋಡಲು ಹೊಸದರಂತೆ ಇದ್ದರೂ ತಯಾರಕರು ಬರೆದ ಆಯುಷ್ಯ ಮುಗಿದ ದಿನ ಅದನ್ನು ತುಂಡು ತುಂಡು ಮಾಡಿ, ದನ ಕಟ್ಟಲು ರೈತರಿಗೆ ಕೊಟ್ಟುಬಿಡಿ. ಪುಸ್ತಕ ಬರೆಯುವ ಕೆಲಸ ತಿಂಗಳಿಗೊಬ್ಬ ವಿದ್ಯಾರ್ಥಿಯದ್ದು, ರದ್ದು ಮಾಡುವ ಅಧಿಕಾರವೂ ಆ ತಿಂಗಳು ಅವರದ್ದೇ. ಮೊದಲ ತಿಂಗಳು ಯಾರು ಎಂಬುದನ್ನು ಚಹಾ ಕುಡಿಯುವ ಹೊತ್ತಿಗೆ ತೀರ್ಮಾನಿಸೋಣ. ಹೆಸರು ಕೊಡಲು ಇಚ್ಛೆಯಿದ್ದವರು ಇಲ್ಲೇ ವೇದಿಕೆಯ ಬಳಿ ಬನ್ನಿ.